ನೆಟ್ಸ್‌ನಲ್ಲಿ ಕವರ್ ಡ್ರೈವ್, ಪಂದ್ಯದಲ್ಲಿ ಎಡ್ಜ್: ಬ್ಯಾಟಿಂಗ್ ಡ್ರಿಲ್‌ಗಳಲ್ಲಿ ಯಾವುದು ಯಾವುದಕ್ಕೆ?

ಎದುರಿಗೆ ಒಬ್ಬ ಮಂಡಿಯೂರಿ ಕೂತು ಚೆಂಡನ್ನು ಮೆತ್ತಗೆ ಎಸೆಯುತ್ತಾನೆ. ಈ ಕಡೆ ಹುಡುಗ ಕಾಲು ಮುಂದಿಟ್ಟು ಕವರ್ ಡ್ರೈವ್ ಹೊಡೆಯುತ್ತಾನೆ. ಮತ್ತೊಂದು ಚೆಂಡು, ಮತ್ತೊಂದು ಡ್ರೈವ್. ಐವತ್ತು ಚೆಂಡು ಮುಗಿಯುವ ಹೊತ್ತಿಗೆ ಮೊಣಕೈ ಮೇಲಿರುತ್ತದೆ, ತಲೆ ಅಲುಗುವುದಿಲ್ಲ, ಫಾಲೋ ಥ್ರೂ ಫೋಟೋ ತೆಗೆಯುವ ಹಾಗಿರುತ್ತದೆ. ಮರುದಿನ ಪಂದ್ಯ. ಮೂರನೇ ಚೆಂಡಿಗೆ ಅದೇ ಡ್ರೈವ್, ಬ್ಯಾಟಿನ ಅಂಚಿಗೆ ತಾಗಿ ಎರಡನೇ ಸ್ಲಿಪ್‌ನಲ್ಲಿ ಕ್ಯಾಚ್. ವಾಪಸ್ ಬಂದು ಪ್ಯಾಡ್ ಬಿಚ್ಚುತ್ತಾ ಅವನು ಹೇಳುವುದು ಒಂದೇ ಮಾತು: "ನೆಟ್ಸ್‌ನಲ್ಲಿ ಚೆನ್ನಾಗೇ ಬರ್ತಿತ್ತಲ್ಲ!"

ಬರ್ತಿತ್ತು, ಸುಳ್ಳಲ್ಲ. ಆದರೆ ನೆಟ್ಸ್‌ನಲ್ಲಿ ಅವನಿಗೆ ಅರ್ಧ ಕೆಲಸವನ್ನು ಬೇರೆಯವರೇ ಮಾಡಿಕೊಟ್ಟಿದ್ದರು. ಚೆಂಡು ಎಲ್ಲಿ ಬೀಳುತ್ತದೆ ಅಂತ ಮೊದಲೇ ಗೊತ್ತಿತ್ತು. ಯಾವ ಹೊಡೆತ ಅನ್ನುವುದೂ ಗೊತ್ತಿತ್ತು. ಉಳಿದದ್ದು ಕೈಕಾಲು ಆಡಿಸುವುದಷ್ಟೇ. ಪಂದ್ಯದಲ್ಲಿ ಅವನ ಡ್ರೈವ್ ಕೆಟ್ಟದಾಗಿ ಬರಲಿಲ್ಲ. ಡ್ರೈವ್ ಆಡಬಾರದ ಚೆಂಡಿಗೆ ಒಳ್ಳೆಯ ಡ್ರೈವ್ ಬಂತು, ಅಷ್ಟೇ.

ಡ್ರಿಲ್ ಅಂದರೆ ಆಟದಿಂದ ಒಂದು ತುಂಡನ್ನು ಬಿಡಿಸಿ ತೆಗೆದು ಅದನ್ನಷ್ಟೇ ತಿದ್ದುವುದು. ತುಂಡು ಬಿಡಿಸುವುದು ತಪ್ಪಲ್ಲ, ಹಾಗೆ ಮಾಡದೆ ಏನೂ ತಿದ್ದಲು ಆಗುವುದಿಲ್ಲ. ಆದರೆ ಬಿಡಿಸುವಾಗ ಏನನ್ನು ಪಕ್ಕಕ್ಕೆ ಇಟ್ಟೆವು ಅನ್ನುವುದು ನೆನಪಿರಬೇಕು. ಯಾಕೆಂದರೆ ಅದನ್ನು ಮತ್ತೆ ಸೇರಿಸುವ ಕೆಲಸ ಬಾಕಿ ಇರುತ್ತದೆ. ಹೆಚ್ಚಿನ ಅಭ್ಯಾಸ ದಾರಿ ತಪ್ಪುವುದು ಇಲ್ಲೇ.

ಅರ್ಧ ಸೆಕೆಂಡಿನ ಲೆಕ್ಕ

ಮೊದಲು ಬ್ಯಾಟರ್‌ಗೆ ಎಷ್ಟು ಸಮಯ ಸಿಗುತ್ತದೆ ನೋಡೋಣ. ಪಿಚ್‌ನ ಉದ್ದ 22 ಗಜ, ಅಂದರೆ 20.12 ಮೀಟರ್. ಆದರೆ ಬೌಲರ್ ಚೆಂಡು ಬಿಡುವುದು ತನ್ನ ಕ್ರೀಸ್ ಹತ್ತಿರ, ಬ್ಯಾಟರ್ ನಿಲ್ಲುವುದು ತನ್ನ ಕ್ರೀಸ್ ಹತ್ತಿರ. ಎರಡು ಕ್ರೀಸ್‌ಗಳ ನಡುವೆ ಇರುವುದು ಸುಮಾರು 17.7 ಮೀಟರ್. ಗಂಟೆಗೆ 140 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 39 ಮೀಟರ್. ಗಾಳಿಯಲ್ಲಿ ಮತ್ತು ನೆಲಕ್ಕೆ ಬಿದ್ದಾಗ ಚೆಂಡಿನ ವೇಗ ಸ್ವಲ್ಪ ತಗ್ಗುತ್ತದೆ. ಎಲ್ಲಾ ಸೇರಿ ಕೈಗೆ ಸಿಗುವುದು ಹೆಚ್ಚುಕಡಿಮೆ ಅರ್ಧ ಸೆಕೆಂಡ್.

ಆ ಅರ್ಧ ಸೆಕೆಂಡೂ ಪೂರ್ತಿ ನಮ್ಮದಲ್ಲ. ಪೀಟರ್ ಮ್ಯಾಕ್‌ಲಿಯೋಡ್ ಎಂಬ ಸಂಶೋಧಕರು 1987ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮ್ಯಾಟಿಂಗ್ ಕೆಳಗೆ ಮರದ ಕಡ್ಡಿಗಳನ್ನು ಇಟ್ಟು, ಚೆಂಡು ಬಿದ್ದ ಮೇಲೆ ಯಾವ ಕಡೆ ತಿರುಗುತ್ತದೆ ಎಂದು ಹೇಳಲಾಗದ ಹಾಗೆ ಮಾಡಿದ್ದರು. ಆಡಿದವರು ಅಂತರರಾಷ್ಟ್ರೀಯ ಬ್ಯಾಟರ್‌ಗಳು. ಚೆಂಡು ತಿರುಗಿದ್ದನ್ನು ಕಂಡು ಹೊಡೆತ ಬದಲಾಯಿಸಲು ಅಂಥವರಿಗೂ ಸುಮಾರು 0.2 ಸೆಕೆಂಡ್ ಬೇಕಾಯಿತು. ವೇಗದ ಚೆಂಡಿನ ಲೆಕ್ಕದಲ್ಲಿ ಅದು ಕೊನೆಯ ಆರೇಳು ಮೀಟರ್. ಅಷ್ಟು ದೂರದಲ್ಲಿ ಏನೇ ನಡೆದರೂ ನಾವು ಹೊಸದಾಗಿ ಏನೂ ಮಾಡಲಾರೆವು. ಒಳ್ಳೆಯ ಸೀಮ್ ಬೌಲರ್ (ಬಿದ್ದ ಮೇಲೆ ಚೆಂಡು ಅತ್ತಿತ್ತ ತಿರುಗುವ ಹಾಗೆ ಹಾಕುವ ವೇಗಿ) ಚೆಂಡನ್ನು ಅಲ್ಲೇ ಹಾಕುತ್ತಾನೆ. ಅವನೇನು ದಡ್ಡನೇ?

ಅದೇ ಮ್ಯಾಕ್‌ಲಿಯೋಡ್, ಮೈಕೆಲ್ ಲ್ಯಾಂಡ್ ಜೊತೆ ಸೇರಿ 2000ದಲ್ಲಿ ಬ್ಯಾಟರ್‌ಗಳ ಕಣ್ಣು ಎಲ್ಲಿ ಹೋಗುತ್ತದೆ ಎಂದು ಕ್ಯಾಮೆರಾ ಕಟ್ಟಿ ನೋಡಿದರು. ಚೆಂಡು ಬರುತ್ತಿದ್ದದ್ದು ಬೌಲಿಂಗ್ ಮೆಷಿನ್‌ನಿಂದ. ಬ್ಯಾಟರ್ ಚೆಂಡನ್ನು ಉದ್ದಕ್ಕೂ ನೋಡುವುದೇ ಇಲ್ಲ. ಹೊರಬಿದ್ದ ಕೂಡಲೇ ಸ್ವಲ್ಪ ನೋಡುತ್ತಾರೆ. ಆಮೇಲೆ ಕಣ್ಣು ಅದು ಬೀಳುವ ಜಾಗಕ್ಕೆ ಮುಂಚೆಯೇ ಹಾರಿ ಕಾಯುತ್ತದೆ. ಬಿದ್ದ ಮೇಲೆ ಮತ್ತೆ ಹಿಂಬಾಲಿಸುತ್ತದೆ. ಚೆನ್ನಾಗಿ ಆಡುವವರ ಕಣ್ಣು ಬೇಗ ಹಾರುತ್ತದೆ. "ಚೆಂಡಿನ ಮೇಲಿಂದ ಕಣ್ಣು ತೆಗೀಬೇಡ" ಎಂದು ಎಲ್ಲಾ ಕೋಚ್‌ಗಳೂ ಹೇಳುತ್ತಾರೆ. ಹಾಗೆ ಯಾರೂ ಆಡುವುದಿಲ್ಲ. ಆದರೂ ಆ ಮಾತಿನಿಂದ ತಲೆ ಅಲುಗಾಡದೆ ನಿಲ್ಲುತ್ತದೆ, ಹಾಗಾಗಿ ಹೇಳಲಿ ಬಿಡಿ.

ಈ ಎರಡು ಪ್ರಯೋಗಗಳಿಂದ ಟೆಕ್ನಿಕ್ ಎಂದರೇನು ಅನ್ನುವುದು ಸ್ಪಷ್ಟವಾಗುತ್ತದೆ. ಲೆಂಗ್ತ್, ಅಂದರೆ ಚೆಂಡು ಪಿಚ್ ಮೇಲೆ ಎಲ್ಲಿ ಬೀಳುತ್ತದೆ ಅನ್ನುವುದನ್ನು, ಬೇಗ ಗುರುತಿಸಬೇಕು. ಆ ಹೊತ್ತಿಗೆ ಮೈ ಯಾವ ಕಡೆಗೂ ಹೋಗಬಹುದಾದ ಸ್ಥಿತಿಯಲ್ಲಿ ಇರಬೇಕು. ಕೊನೆಯಲ್ಲಿ ಲೆಕ್ಕ ಸ್ವಲ್ಪ ತಪ್ಪಿದರೂ ಬ್ಯಾಟ್ ಅದನ್ನು ಸಹಿಸಿಕೊಳ್ಳುವ ದಾರಿಯಲ್ಲಿ ಬರಬೇಕು. ಸೊಗಸು ಇದರಿಂದ ತಾನಾಗಿ ಬಂದರೆ ಬರಲಿ.

ಮೊದಲು ವಿಡಿಯೋ

ಡ್ರಿಲ್ ಶುರು ಮಾಡುವ ಮುಂಚೆ ಎರಡು ಕೆಲಸ ಮಾಡಿ. ಕಳೆದ ಹತ್ತು ಇನಿಂಗ್ಸ್‌ನಲ್ಲಿ ಹೇಗೆ ಔಟಾದಿರಿ ಎಂದು ಬರೆಯಿರಿ. ಆಮೇಲೆ ಫೋನನ್ನು ಬೌಲರ್‌ನ ಹಿಂದೆ ಒಮ್ಮೆ, ಪಕ್ಕದಲ್ಲಿ ಒಮ್ಮೆ ಇಟ್ಟು ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆಯಿರಿ. ಬ್ಯಾಟಿಗೆ ಚೆಂಡು ತಾಗುವ ಕ್ಷಣದಲ್ಲಿ ನಿಲ್ಲಿಸಿ. ತಲೆ ಎಲ್ಲಿದೆ, ಮುಂದಿನ ಕಾಲು ಎಲ್ಲಿದೆ, ಬ್ಯಾಟಿನ ಮುಖ ಎತ್ತ ನೋಡುತ್ತಿದೆ?

ನನ್ನದೇ ಕಥೆ ಹೇಳುತ್ತೇನೆ. ನಾನು ಪದೇ ಪದೇ ಎಲ್‌ಬಿಡಬ್ಲ್ಯು ಆಗುತ್ತಿದ್ದೆ. "ಕಾಲೇ ಹೋಗ್ತಾ ಇಲ್ಲ ನಿಂದು" ಎಂದು ಎಲ್ಲರೂ ಬೈಯುತ್ತಿದ್ದರು. ಸರಿ ಅಂತ ತಿಂಗಳುಗಟ್ಟಲೆ ಕಾಲು ಮುಂದಿಡುವ ಡ್ರಿಲ್ ಮಾಡಿದೆ. ಎಲ್‌ಬಿಡಬ್ಲ್ಯು ಇನ್ನೂ ಜಾಸ್ತಿಯಾಯಿತು. ವಿಡಿಯೋ ನೋಡಿದಾಗ ತಿಳಿದದ್ದು, ನನ್ನ ತಲೆ ಆಫ್ ಕಡೆಗೆ ವಾಲುತ್ತಿತ್ತು. ತಲೆಯ ಹಿಂದೆ ಕಾಲೂ ಅಡ್ಡಡ್ಡ ಹೋಗುತ್ತಿತ್ತು. ಬ್ಯಾಟು ಪ್ಯಾಡನ್ನು ಸುತ್ತಿ ಬರಬೇಕಿತ್ತು. ಕಾಲು ಹೋಗದೇ ಇರುವುದು ದೂರದ ಮಾತು, ಬೇಕಾದ್ದಕ್ಕಿಂತ ಜಾಸ್ತಿಯೇ ಹೋಗುತ್ತಿತ್ತು. ಅಷ್ಟು ದಿನ ನಾನು ತಪ್ಪನ್ನೇ ಅಭ್ಯಾಸ ಮಾಡಿದ್ದೆ.

ಒಂದು ಸಲಕ್ಕೆ ಒಂದೇ ತಪ್ಪು ಆರಿಸಿಕೊಳ್ಳಿ. ಮೂರು ತಪ್ಪು ಒಟ್ಟಿಗೆ ತಿದ್ದಲು ಹೋದವರ ತಲೆಯಲ್ಲಿ ಚೆಂಡಿಗೆ ಜಾಗವೇ ಇರುವುದಿಲ್ಲ.

ತಲೆ ವಾಲುವವರಿಗೆ

ಕಾಲನ್ನು ನೇರ ಇಡು ಎಂದು ಹೇಳಿದರೆ ಕಾಲು ಕೇಳುವುದಿಲ್ಲ. ಬೇರೆ ದಾರಿಯಿಲ್ಲದ ಹಾಗೆ ಮಾಡಿದರೆ ಕೇಳುತ್ತದೆ. ಮುಂದಿನ ಕಾಲು ತಪ್ಪಾಗಿ ಹೋಗುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕೋನ್ ಮಲಗಿಸಿ. ಇಲ್ಲವೇ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಕಾಲಿಗೆ ಸಿಕ್ಕಿ ಎಡವುವ ವಸ್ತು ಬೇಡ. ಈಗ ಮಿಡಲ್ ಮತ್ತು ಲೆಗ್ ಸ್ಟಂಪ್ ಮೇಲೆ ಥ್ರೋಡೌನ್, ಅಂದರೆ ಹತ್ತಿರದಿಂದ ಕೈಯಲ್ಲಿ ಎಸೆಯುವ ಚೆಂಡು, ಹಾಕಿಸಿ. ಚೆಂಡನ್ನು ಬೌಲರ್ ಮತ್ತು ಮಿಡ್ ಆನ್ ನಡುವೆ ಮಾತ್ರ ಕಳಿಸಬೇಕು. ಕಾಲು ಅಡ್ಡ ಹೋದರೆ ಆ ಕಡೆಗೆ ನೇರ ಬ್ಯಾಟಿನಲ್ಲಿ ಆಡಲು ಆಗುವುದೇ ಇಲ್ಲ. ಯಾರೂ ಏನೂ ಹೇಳದೆ ಮೈ ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಇದರ ಜೊತೆಗೆ ಪ್ರತಿ ಹೊಡೆತದ ಕೊನೆಯಲ್ಲಿ ಹಾಗೇ ನಿಂತು ಮನಸ್ಸಿನಲ್ಲಿ ಮೂರು ಎಣಿಸಿ. ಮೂರರ ಒಳಗೆ ಕಾಲು ಜಾರಿದರೆ ತೂಕ ಸರಿಯಾಗಿ ಇರಲಿಲ್ಲ ಎಂದರ್ಥ. ಸುಮ್ನೆ ನೋಡಿದರೆ ಮಕ್ಕಳಾಟ. ಮಾಡಿ ನೋಡಿ, ಹತ್ತರಲ್ಲಿ ನಾಲ್ಕು ಸಲ ಜಾರುತ್ತೀರಿ.

ಬ್ಯಾಟು ನೇರ ಯಾಕೆ ಬರಬೇಕು

ಇದಕ್ಕೆ ಶಿಸ್ತು, ಸಂಪ್ರದಾಯ ಅಂತ ಕಾರಣ ಕೊಡುವವರಿದ್ದಾರೆ. ಅದಕ್ಕಿಂತ ಒಳ್ಳೆಯ ಕಾರಣ ಇದೆ. ವೇಗದ ಚೆಂಡು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ 30 ಸೆಂಟಿಮೀಟರ್‌ಗೂ ಜಾಸ್ತಿ ದೂರ ಬಂದಿರುತ್ತದೆ. ಬ್ಯಾಟು ಚೆಂಡಿನ ದಾರಿಗೆ ಅಡ್ಡವಾಗಿ ಬೀಸಿ ಬಂದರೆ, ಎರಡೂ ಸೇರುವುದು ಒಂದೇ ಬಿಂದುವಿನಲ್ಲಿ. ನೂರನೇ ಒಂದು ಸೆಕೆಂಡು ಹೆಚ್ಚುಕಡಿಮೆಯಾದರೆ ಮುಗಿಯಿತು. ಬ್ಯಾಟು ಚೆಂಡು ಬರುವ ಗೆರೆಯ ಮೇಲೇ ಬಂದರೆ ಬೇಗ ಆಡಿದರೂ, ತಡವಾಗಿ ಆಡಿದರೂ ಎಲ್ಲೋ ಒಂದು ಕಡೆ ತಾಗುತ್ತದೆ. ಬ್ಯಾಟಿನ ಅಗಲ ನಿಯಮದ ಪ್ರಕಾರ ಹೆಚ್ಚೆಂದರೆ 10.8 ಸೆಂ.ಮೀ. ಆ ಅಗಲವನ್ನು ಪೂರ್ತಿ ಚೆಂಡಿಗೆ ತೋರಿಸಬೇಕು ಅಲ್ವಾ?

ಇದಕ್ಕೆ ಹಳೆಯ ಡ್ರಿಲ್ ಮೇಲಿನ ಕೈಯೊಂದರಲ್ಲೇ ಆಡುವುದು. ಬಲಗೈ ಬ್ಯಾಟರ್‌ಗೆ ಎಡಗೈ. ಹಗುರವಾದ ಬ್ಯಾಟು ತೆಗೆದುಕೊಳ್ಳಿ, ಇಲ್ಲದಿದ್ದರೆ ಹಿಡಿಕೆಯ ಕೆಳಭಾಗದಲ್ಲಿ ಹಿಡಿಯಿರಿ. ಭಾರದ ಬ್ಯಾಟಿನಲ್ಲಿ ಮಾಡಿದರೆ ಮಣಿಕಟ್ಟು ನೋಯುತ್ತದೆ, ಕಲಿಯುವುದು ಏನೂ ಇರುವುದಿಲ್ಲ. ಕೆಳಗಿನ ಕೈ ಬಲವಾಗಿ ತಿರುಚುವುದರಿಂದಲೇ ಬ್ಯಾಟಿನ ಮುಖ ಲೆಗ್ ಕಡೆಗೆ ಮುಚ್ಚುವುದು. ಅದನ್ನು ತೆಗೆದುಬಿಟ್ಟರೆ ಮೊಣಕೈ ಮತ್ತು ಭುಜ ಕೆಲಸ ಶುರುಮಾಡುತ್ತವೆ. ಹತ್ತು ಚೆಂಡು ಒಂದೇ ಕೈ. ಆಮೇಲೆ ಕೆಳಗಿನ ಕೈಯ ಹೆಬ್ಬೆರಳು, ತೋರುಬೆರಳು ಮಾತ್ರ ಸೇರಿಸಿ ಹತ್ತು ಚೆಂಡು. ಆಮೇಲೆ ಮಾಮೂಲಿ ಹಿಡಿತ.

ಒಬ್ಬರೇ ಇದ್ದರೆ ಕಾಲುಚೀಲದಲ್ಲಿ ಚೆಂಡು ಹಾಕಿ ಹಗ್ಗದಿಂದ ತೂಗುಹಾಕಿ. ಬ್ಯಾಟಿನ ಮುಖ ನೇರವಾಗಿ ತಾಗಿದರೆ ಚೆಂಡು ನೇರ ಹೋಗಿ ನೇರ ವಾಪಸ್ ಬರುತ್ತದೆ. ಮುಖ ತಿರುಗಿದ್ದರೆ ಹಗ್ಗ ಸುತ್ತು ಹಾಕಲು ಶುರುಮಾಡುತ್ತದೆ. ತಪ್ಪು ಹೇಳಲು ಕೋಚೇ ಬೇಡ. ಆದರೆ ಇದರ ಉಪಯೋಗ ಅಷ್ಟಕ್ಕೇ. ತೂಗುವ ಚೆಂಡು ನೆಲಕ್ಕೆ ಬಿದ್ದು ಏಳುವುದಿಲ್ಲ. ಇದರಿಂದ ಲೆಂಗ್ತ್ ಓದುವುದು, ಟೈಮಿಂಗ್ ಕಲಿಯುವುದು ಆಗದು.

ಇಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಬ್ರಾಡ್ಮನ್ ನೆನಪಾಗುತ್ತಾರೆ. ಹುಡುಗನಾಗಿದ್ದಾಗ ಅವರು ಮನೆಯ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ವಾಪಸ್ ಬಂದದ್ದನ್ನು ಒಂದು ಸ್ಟಂಪ್‌ನಿಂದ ಹೊಡೆಯುತ್ತಿದ್ದರು. ಎಲ್ಲರೂ ಈ ಕಥೆಯಲ್ಲಿ ಸ್ಟಂಪ್ ಎಷ್ಟು ಸಣ್ಣದು ಅನ್ನುವುದನ್ನು ನೋಡುತ್ತಾರೆ. ನನಗೆ ಕಟ್ಟೆ ಮುಖ್ಯ ಅನ್ನಿಸುತ್ತದೆ. ಗುಂಡಗಿನ ಕಟ್ಟೆಗೆ ತಾಗಿದ ಚೆಂಡು ಯಾವ ಕಡೆಗೆ, ಎಷ್ಟು ವೇಗದಲ್ಲಿ ಬರುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ. ಪ್ರತಿ ಚೆಂಡಿಗೂ ನೋಡಬೇಕು, ನಿರ್ಧರಿಸಬೇಕು, ಆಡಬೇಕು. ಇನ್ನೊಂದು ವಿಷಯ. ಅವರ ಬ್ಯಾಕ್‌ಲಿಫ್ಟ್ (ಹೊಡೆಯುವ ಮುಂಚೆ ಬ್ಯಾಟನ್ನು ಹಿಂದಕ್ಕೆ ಎತ್ತುವುದು) ನೇರ ಇರಲಿಲ್ಲ, ಸ್ಲಿಪ್ ಕಡೆಗೆ ಹೋಗುತ್ತಿತ್ತು. 52 ಟೆಸ್ಟ್‌ಗಳಲ್ಲಿ 99.94 ಸರಾಸರಿ ಬಂತು. ಬ್ಯಾಟು ಎಲ್ಲಿಂದ ಹೊರಟಿತು ಅನ್ನುವುದಕ್ಕಿಂತ ಚೆಂಡಿನ ಹತ್ತಿರ ಬರುವಾಗ ಯಾವ ದಾರಿಯಲ್ಲಿತ್ತು ಅನ್ನುವುದನ್ನು ನೋಡಿ. ಮಕ್ಕಳ ಬ್ಯಾಕ್‌ಲಿಫ್ಟನ್ನು ಸ್ಕೇಲ್ ಇಟ್ಟು ನೇರ ಮಾಡುವವರು ಸ್ವಲ್ಪ ತಡೆಯಬೇಕು.

ಮೆತ್ತಗೆ ಬೀಳಿಸುವ ಚೆಂಡು

ಮೊದಲಿಗೆ ನಾನು ಗೇಲಿ ಮಾಡಿದಂಥ ಮೆತ್ತಗಿನ ಚೆಂಡಿನ ಡ್ರಿಲ್‌ಗಳಿಗೂ ಒಂದು ಕೆಲಸ ಇದೆ. ಉದಾಹರಣೆಗೆ, ಪಕ್ಕದಲ್ಲಿ ನಿಂತವರು ಭುಜದ ಎತ್ತರದಿಂದ ಚೆಂಡು ಬಿಡುತ್ತಾರೆ. ಒಂದು ಪುಟಿದ ಮೇಲೆ ನೀವು ಡ್ರೈವ್ ಮಾಡುತ್ತೀರಿ. ನೋಡಬೇಕಾದ್ದು ಒಂದೇ, ಚೆಂಡು ನೆಲದ ಮೇಲೆ ಹೋಯಿತೋ ಗಾಳಿಯಲ್ಲಿ ಹೋಯಿತೋ. ಗಾಳಿಯಲ್ಲಿ ಹೋದರೆ ಹೆಚ್ಚಿನ ಸಲ ಚೆಂಡನ್ನು ಕಣ್ಣಿನ ಕೆಳಗೆ ಬರುವ ಮುಂಚೆ, ತುಂಬಾ ಮುಂದೆ ಆಡಿದ್ದೀರಿ. ಕಾಯುವುದನ್ನು ಕಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಇಪ್ಪತ್ತು ಚೆಂಡು ಸಾಕು.

ಬಿಡುವುದೂ ಹೊಡೆತವೇ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಕಡಿಮೆ ಮಾಡುವ, ಎಲ್ಲಕ್ಕಿಂತ ಬೇಕಾದ ಡ್ರಿಲ್ ಇದು. ನೆಟ್ಸ್‌ನಲ್ಲಿ ಯಾರೂ ಚೆಂಡು ಬಿಡುವುದಿಲ್ಲ. ಸರದಿ ಬಂದಿರುವುದು ಹತ್ತು ನಿಮಿಷ, ಅದರಲ್ಲಿ ಬಿಟ್ಟು ಕೂತರೆ ನಷ್ಟ ಅನ್ನಿಸುತ್ತದೆ. ಹಾಗಾಗಿ ಐದನೇ ಸ್ಟಂಪ್‌ನ, ಅಂದರೆ ಆಫ್ ಸ್ಟಂಪ್‌ನಿಂದ ಸಾಕಷ್ಟು ಹೊರಗಿನ, ಚೆಂಡಿಗೂ ಬ್ಯಾಟು ಚಾಚುವುದು ಅಭ್ಯಾಸವಾಗಿಬಿಡುತ್ತದೆ. ನೆಟ್ಸ್‌ನಲ್ಲಿ ಸ್ಲಿಪ್ ಇರುವುದಿಲ್ಲವಲ್ಲ. ಎಡ್ಜ್ ಹಿಂದಿನ ಬಲೆಗೆ ಬಡಿಯುತ್ತದೆ, ಬೌಲರ್ ಮತ್ತೆ ಚೆಂಡು ತರಲು ಹೋಗುತ್ತಾನೆ, ನಾವು ಮರೆಯುತ್ತೇವೆ.

ಮಾಡುವುದು ಹೀಗೆ. ಆಫ್ ಸ್ಟಂಪ್‌ನಿಂದ ಬೌಲರ್ ಕಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಥ್ರೋಡೌನ್ ಹಾಕುವವರು ಗೆರೆಯ ಆಚೆ, ಈಚೆ, ಮೇಲೆ, ಮನಸ್ಸಿಗೆ ಬಂದ ಹಾಗೆ ಹಾಕಲಿ. ಚೆಂಡು ನೆಲಕ್ಕೆ ಬೀಳುವ ಮುಂಚೆ ನೀವು ಗಟ್ಟಿಯಾಗಿ "ಆಡು" ಅಥವಾ "ಬಿಡು" ಎನ್ನಬೇಕು. ಹಿಂದೆ ಒಬ್ಬರು ನಿಂತು ಅಂಕ ಬರೆಯಲಿ. ಸರಿಯಾಗಿ ಬಿಟ್ಟರೆ ಒಂದು ಅಂಕ, ಸರಿಯಾಗಿ ಆಡಿದರೆ ಒಂದು ಅಂಕ. ಬಿಡಬೇಕಾದ್ದನ್ನು ಮುಟ್ಟಿದರೆ ಮೂರು ಅಂಕ ಹೋಯಿತು. ಬಿಟ್ಟ ಚೆಂಡು ಸ್ಟಂಪ್‌ಗೆ ಬಡಿದರೆ ಐದು.

ಬಾಯಿಬಿಟ್ಟು ಹೇಳುವುದು ಯಾಕೆ? ಹೇಳಬೇಕೆಂದರೆ ಬೇಗ ನಿರ್ಧರಿಸಲೇಬೇಕು. ನಾವು ಪಕ್ಕಕ್ಕೆ ಇಟ್ಟಿದ್ದ ಆ ಅರ್ಧ ಕೆಲಸ, ನೋಡಿ ತೀರ್ಮಾನಿಸುವುದು, ಇಲ್ಲಿ ವಾಪಸ್ ಬರುತ್ತದೆ. ಮೊದಲ ದಿನ ಬಾಯಿ "ಬಿಡು" ಅನ್ನುತ್ತದೆ, ಕೈ ಆಡಿಬಿಡುತ್ತದೆ. ನಗು ಬರುತ್ತದೆ, ಪರವಾಗಿಲ್ಲ. ನಿಂತ ಜಾಗದಲ್ಲಿ ಕಣ್ಣು ಆಫ್ ಸ್ಟಂಪ್ ಮೇಲೆ ಇದ್ದರೆ, ಕಣ್ಣಿನಿಂದ ಆಚೆ ಹೋಗುವ ಚೆಂಡೆಲ್ಲ ಬಿಡಬಹುದು ಅನ್ನುವುದು ನಿಧಾನಕ್ಕೆ ಹಿಡಿತಕ್ಕೆ ಬರುತ್ತದೆ.

2004ರ ಜನವರಿಯಲ್ಲಿ ಸಿಡ್ನಿ ಟೆಸ್ಟ್‌ನಲ್ಲಿ ಸಚಿನ್ ತೆಂಡೂಲ್ಕರ್ ಔಟಾಗದೆ 241 ರನ್ ಮಾಡಿದರು. ಆ ಸರಣಿಯಲ್ಲಿ ಆಫ್ ಸ್ಟಂಪ್ ಹೊರಗಿನ ಚೆಂಡಿಗೆ ಔಟಾಗುತ್ತಿದ್ದ ಅವರು ಕವರ್ ಡ್ರೈವನ್ನೇ ಪಕ್ಕಕ್ಕಿಟ್ಟು ಆಡಿದ ಇನಿಂಗ್ಸ್ ಅದು. ಜಗತ್ತೇ ಮೆಚ್ಚುವ ಹೊಡೆತವನ್ನು ದಿನವಿಡೀ ಬಿಡಬಲ್ಲ ತಾಳ್ಮೆ ಎಲ್ಲರಿಗೂ ಬರುವುದಿಲ್ಲ. ಆದರೆ ಹತ್ತು ಓವರ್ ಬಿಡುವುದನ್ನು ಕಲಿಯಬಹುದು.

ಶಾರ್ಟ್ ಬಾಲ್, ಅಂದರೆ ಬ್ಯಾಟರ್‌ನಿಂದ ದೂರ ಬಿದ್ದು ಎದೆ, ತಲೆಯ ಎತ್ತರಕ್ಕೆ ಏಳುವ ಚೆಂಡಿನ ಬಗ್ಗೆ ಚಿಕ್ಕದಾಗಿ. ಟೆನಿಸ್ ಬಾಲ್‌ನಿಂದ ಶುರು ಮಾಡಿ, ಹೆಲ್ಮೆಟ್ ಮಾತ್ರ ಹಾಕಿಕೊಂಡೇ ಆಡಿ. ಮೊದಲ ಕೆಲವು ದಿನ ಪುಲ್ (ಅಡ್ಡ ಬ್ಯಾಟಿನಲ್ಲಿ ಲೆಗ್ ಕಡೆಗೆ ಹೊಡೆಯುವುದು) ಬೇಡವೇ ಬೇಡ. ಚೆಂಡಿನ ಮೇಲೆ ಕಣ್ಣಿಟ್ಟು ಬಗ್ಗುವುದು, ಹಿಂದಕ್ಕೆ ವಾಲಿ ತಪ್ಪಿಸಿಕೊಳ್ಳುವುದು, ಇವೆರಡೇ. ತಪ್ಪಿಸಿಕೊಳ್ಳಬಲ್ಲೆ ಅನ್ನುವ ಧೈರ್ಯ ಬಂದ ಮೇಲೆ ಪುಲ್ ತಾನೇ ಬರುತ್ತದೆ. ಹೆದರಿ ಕಣ್ಣು ಮುಚ್ಚಿ ಹೊಡೆಯುವ ಪುಲ್ ಟಾಪ್ ಎಡ್ಜ್‌ಗೆ ಒಳ್ಳೆಯ ಅಭ್ಯಾಸ.

ಸ್ಪಿನ್‌ಗೆ ಬ್ಯಾಟು ಕೆಳಗಿಡಿ

ಸ್ಪಿನ್‌ಗೆ ನನಗೆ ಇಷ್ಟವಾದ ಡ್ರಿಲ್‌ನಲ್ಲಿ ಬ್ಯಾಟೇ ಇಲ್ಲ. ಕ್ರೀಸಿನಲ್ಲಿ ಬರಿಗೈಯಲ್ಲಿ ನಿಲ್ಲಿ. ಟೆನಿಸ್ ಬಾಲ್‌ನಲ್ಲಿ ನಿಧಾನಕ್ಕೆ ಸ್ಪಿನ್ ಹಾಕಿಸಿ. ಮುಂದೆ ನುಗ್ಗಿ ಚೆಂಡು ನೆಲಕ್ಕೆ ಬಿದ್ದ ಕೂಡಲೇ, ತಿರುಗಲು ಸಮಯ ಸಿಗದ ಹಾಗೆ, ಎರಡು ಕೈಯಲ್ಲಿ ಹಿಡಿಯಿರಿ. ಅಲ್ಲಿಗೆ ತಲುಪಲು ಆಗದು ಅನ್ನಿಸಿದರೆ ಹಿಂದಕ್ಕೆ ಹೋಗಿ, ತಿರುಗಿ ಮುಗಿದ ಮೇಲೆ ಹಿಡಿಯಿರಿ. ಸ್ಪಿನ್ ಆಡುವ ಗುಟ್ಟು ಇಷ್ಟೇ, ತಿರುಗುವ ಮುಂಚೆ ಇಲ್ಲವೇ ತಿರುಗಿದ ಮೇಲೆ. ನಡುವೆ ಸಿಕ್ಕಿಕೊಂಡರೆ ಬ್ಯಾಟು, ಪ್ಯಾಡಿಗೆ ತಾಗಿ ಹತ್ತಿರ ನಿಂತವರ ಕೈಗೆ ಕ್ಯಾಚ್. ಕೈಯಲ್ಲಿ ಹಿಡಿಯುವಾಗ ಅದು ಹೇಳಿಕೊಡದೆ ಅರ್ಥವಾಗುತ್ತದೆ.

ಒಂದೇ ಪ್ರಶ್ನೆಗೆ ಮಾಡಿದ ಅಭ್ಯಾಸ ಹೇಗಿರುತ್ತದೆ ಎನ್ನುವುದಕ್ಕೆ 1998ರ ಚೆನ್ನೈ ಟೆಸ್ಟ್ ನೋಡಿ. ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್ ಶೇನ್ ವಾರ್ನ್ ರೌಂಡ್ ದಿ ವಿಕೆಟ್ (ಸ್ಟಂಪ್‌ನ ಇನ್ನೊಂದು ಬದಿಯಿಂದ) ಬಂದು ಲೆಗ್ ಸ್ಟಂಪ್ ಹೊರಗಿನ ಒರಟು ಜಾಗಕ್ಕೆ ಚೆಂಡು ಹಾಕಬಹುದು ಎಂಬುದು ತೆಂಡೂಲ್ಕರ್ ಅಂದಾಜು. ಪಂದ್ಯಕ್ಕೆ ಮುಂಚೆ ಅಭ್ಯಾಸದ ಪಿಚ್‌ನಲ್ಲಿ ಆ ಜಾಗವನ್ನು ಕೆರೆದು ಒರಟು ಮಾಡಿ, ಲೆಗ್ ಸ್ಪಿನ್ನರ್ ಲಕ್ಷ್ಮಣ್ ಶಿವರಾಮಕೃಷ್ಣನ್ ಅವರಿಂದ ಅಲ್ಲಿಗೇ ಬೌಲ್ ಮಾಡಿಸಿಕೊಂಡರು. ಮೊದಲ ಇನಿಂಗ್ಸ್‌ನಲ್ಲಿ ವಾರ್ನ್ 4 ರನ್‌ಗೆ ಔಟ್ ಮಾಡಿದರು. ಎರಡನೇ ಇನಿಂಗ್ಸ್‌ನಲ್ಲಿ ಬಂದದ್ದು ಔಟಾಗದೆ 155.

ಮೆಷಿನ್, ಥ್ರೋಡೌನ್, ಮನುಷ್ಯ

ಹತ್ತು ಮೀಟರ್ ದೂರದಿಂದ ಗಂಟೆಗೆ 75 ಕಿ.ಮೀ. ವೇಗದಲ್ಲಿ ಎಸೆದ ಚೆಂಡು ತಲುಪಲು ಅರ್ಧ ಸೆಕೆಂಡಿನಷ್ಟೇ ಹಿಡಿಯುತ್ತದೆ. ಅಂದರೆ ಸಮಯದ ಲೆಕ್ಕದಲ್ಲಿ ಅದು 140 ಕಿ.ಮೀ. ಬೌಲರ್‌ಗೆ ಸಮ. ಥ್ರೋಡೌನ್‌ನ ಲಾಭ ಇದು. ನಷ್ಟ ಏನೆಂದರೆ ಚೆಂಡು ಹಾರುವ ದಾರಿ, ಬೀಳುವ ಕೋನ ಎಲ್ಲವೂ ಬೇರೆ. ಉದ್ದ ಹಿಡಿಕೆಯ ತುದಿಯಲ್ಲಿ ಬಟ್ಟಲಿನಂಥದ್ದು ಇರುವ ಸೈಡ್‌ಆರ್ಮ್ ಬಂದ ಮೇಲೆ ದೂರದಿಂದಲೇ ವೇಗವಾಗಿ ಎಸೆಯಬಹುದಾಗಿದೆ. ಹಾಗಾಗಿ ಆ ಕೊರತೆ ಸುಮಾರು ತುಂಬಿದೆ.

ಬೌಲಿಂಗ್ ಮೆಷಿನ್‌ಗೆ ಕೈಯಿಲ್ಲ, ಭುಜವಿಲ್ಲ. ನುರಿತ ಬ್ಯಾಟರ್‌ಗಳು ಚೆಂಡು ಕೈಬಿಡುವ ಮುಂಚೆಯೇ ಬೌಲರ್‌ನ ತೋಳು, ಮಣಿಕಟ್ಟು ನೋಡಿ ಸುಳಿವು ಹಿಡಿಯುತ್ತಾರೆ ಎಂದು ಸಂಶೋಧನೆಗಳು ತೋರಿಸಿವೆ. ಮೆಷಿನ್ ಎದುರು ಆ ಅಭ್ಯಾಸ ಆಗುವುದಿಲ್ಲ. ಒಂದು ಹೊಡೆತವನ್ನು ಕೈಗೆ ಹತ್ತಿಸಿಕೊಳ್ಳಲು ಅದು ಸರಿ. ವಾರವಿಡೀ ಅದರ ಮುಂದೆ ನಿಂತರೆ ಬೌಲರ್‌ನ ಕೈ ನೋಡುವ ಕಣ್ಣು ಮಂಕಾಗುತ್ತದೆ.

ಕೊನೆಗೆ ಎಲ್ಲವನ್ನೂ ಕಲಸಿ

ಮೂವತ್ತು ಡ್ರೈವ್, ಆಮೇಲೆ ಮೂವತ್ತು ಕಟ್, ಆಮೇಲೆ ಮೂವತ್ತು ಪುಲ್. ಇದು ಮಾಮೂಲಿ ಪದ್ಧತಿ. ಅದೇ ತೊಂಬತ್ತನ್ನು ಕಲಸಿ, ಮುಂದಿನದು ಯಾವುದೆಂದು ತಿಳಿಯದ ಹಾಗೆ ಹಾಕಿದರೆ? ಆ ದಿನ ಆಟ ಕೆಟ್ಟದಾಗಿ ಕಾಣುತ್ತದೆ. ಆದರೆ ಕೆಲವು ದಿನ ಬಿಟ್ಟು ನೋಡಿದರೆ ಕಲಸಿ ಕಲಿತದ್ದೇ ಜಾಸ್ತಿ ಉಳಿದಿರುತ್ತದೆ. ಶೇ ಮತ್ತು ಮಾರ್ಗನ್ ಎಂಬ ಇಬ್ಬರು 1979ರಲ್ಲಿ ಕೈಚಲನೆಯ ಸಣ್ಣ ಕೆಲಸಗಳಲ್ಲಿ ಇದನ್ನು ತೋರಿಸಿದರು. ಆಮೇಲೆ ಬೇರೆ ಬೇರೆ ಆಟಗಳಲ್ಲೂ ಇದನ್ನು ಪರೀಕ್ಷಿಸಿದ್ದಾರೆ. ಕೋಚ್‌ಗೆ, ನೋಡಲು ಬಂದ ಅಪ್ಪ ಅಮ್ಮನಿಗೆ ಮಾತ್ರ ಸಾಲಾಗಿ ಮೂವತ್ತು ಡ್ರೈವ್ ಇಷ್ಟ. ಅದೇ ತೊಂದರೆ.

ಪೂರ್ತಿ ಹೊಸ ಹೊಡೆತ ಕಲಿಯುವವರಿಗೆ ಮೊದಲ ಕೆಲವು ದಿನ ಸಾಲಾಗಿ ಮಾಡುವುದೇ ಸರಿ. ಕೈಗೆ ದಾರಿ ಸಿಕ್ಕ ಕೂಡಲೇ ಕಲಸಿಬಿಡಿ. ಕಾಲ್ಪನಿಕ ಫೀಲ್ಡ್ ಇಟ್ಟು, ಆರು ಚೆಂಡಿಗೆ ಒಂದು ಓವರ್ ಎಂದು ಎಣಿಸಿ. ಔಟಾದರೆ ಪ್ಯಾಡ್ ಬಿಚ್ಚಿ ಹೊರಗೆ ಕೂರಿ. ನೆಟ್ಸ್‌ನಲ್ಲಿ ಔಟಾದರೂ ಆಟ ಮುಂದುವರಿಯುತ್ತದೆ ಅನ್ನುವುದೇ ಅತಿ ಕೆಟ್ಟ ಪಾಠ.

ಹೊತ್ತಿನ ಬಗ್ಗೆ. ಒಂದು ತಪ್ಪಿನ ಡ್ರಿಲ್ ಇಪ್ಪತ್ತು ನಿಮಿಷ ಮೀರಬಾರದು. ದಣಿದ ಮೈ ತಪ್ಪನ್ನೇ ಕಲಿಯುತ್ತದೆ. ಆರಾರು ಚೆಂಡಿನ ನಂತರ ಸ್ವಲ್ಪ ನಿಲ್ಲಿ. ಸ್ಟಾನ್ಸ್, ಹಿಡಿತದಂಥ ದೊಡ್ಡ ಬದಲಾವಣೆಯನ್ನು ಪಂದ್ಯಗಳಿಲ್ಲದ ತಿಂಗಳುಗಳಿಗೆ ಇಟ್ಟುಕೊಳ್ಳಿ. ಪಂದ್ಯದ ಹಿಂದಿನ ದಿನ ಏನನ್ನೂ ತಿದ್ದಬೇಡಿ. ಅವತ್ತು ಮೆತ್ತಗಿನ ಚೆಂಡಿಗೆ ಡ್ರೈವ್ ಹೊಡೆಯುತ್ತಾ ಖುಷಿಪಡಿ, ಯಾರೂ ಬೇಡ ಅನ್ನುವುದಿಲ್ಲ.

ಪಂದ್ಯದ ದಿನ ಪ್ಯಾಡ್ ಕಟ್ಟಿದ ಮೇಲೆ ಹತ್ತು ಥ್ರೋಡೌನ್ ಸಾಕು. ಎಸೆಯುವವರಿಗೆ ಒಂದು ಮಾತು ಹೇಳಿಟ್ಟಿರಿ: ಅದರಲ್ಲಿ ಮೂರು ಚೆಂಡು ಆಫ್ ಸ್ಟಂಪ್ ಹೊರಗೆ ಹಾಕು, ಯಾವ ಮೂರು ಅಂತ ಮಾತ್ರ ಹೇಳಬೇಡ.